ಹದಿನಾಲ್ಕೇ ತಿಂಗಳಿಗೆ ಹೊಸ ಫೋನ್ ಕೇಳಬಹುದೇ?

ಪ್ರಶ್ನೆ: ಟೆಕ್ಸಾಸ್‌ನ ಫ್ರಿಸ್ಕೋದಲ್ಲಿದ್ದೇವೆ. ಹತ್ತು ವರ್ಷದಿಂದ ಒಂದೇ ಮೊಬೈಲ್ ಕಂಪನಿ, ಈಗ ಮನೆಯಲ್ಲಿ ನಾಲ್ಕು ಲೈನ್. 14 ತಿಂಗಳ ಹಿಂದೆ ಹಳೇ ಫೋನ್ ಕೊಟ್ಟು, 36 ಕಂತಿನ ಮೇಲೆ ಐಫೋನ್ 15 ಪ್ರೊ ತಗೊಂಡೆ. ಡಿಸ್ಕೌಂಟ್ ಕಳೆದು ತಿಂಗಳಿಗೆ 5.56 ಡಾಲರ್ ಅಷ್ಟೇ ಕಟ್ಟುತ್ತಿದ್ದೇನೆ. ಈಗ ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಬ್ಯಾಟರಿ ಸಂಜೆ ನಾಲ್ಕರ ತನಕವೂ ಬರಲ್ಲ. ಮುಂದಿನ ತಿಂಗಳು ಅಪ್ಪ-ಅಮ್ಮ ಹುಬ್ಬಳ್ಳಿಯಿಂದ ಬರುತ್ತಿದ್ದಾರೆ. ಇದನ್ನು ಸರಿ ಮಾಡಿಸಿ ಅಪ್ಪನಿಗೆ ಕೊಟ್ಟು ನಾನು ಹೊಸದು ತಗೊಳ್ಳೋಣ ಅಂತ ಕಂಪನಿಗೆ ಫೋನ್ ಮಾಡಿದರೆ ‘ನಿಮಗಿನ್ನೂ ಅಪ್‌ಗ್ರೇಡ್ ಬಂದಿಲ್ಲ’ ಅಂದರು. ಬಾಕಿ 22 ಕಂತಿನ 122 ಡಾಲರ್ ಈಗಲೇ ಕಟ್ಟುತ್ತೇನೆ ಅಂದರೆ 611 ಕಟ್ಟಿ ಅಂತಾರೆ! ಮ್ಯಾನೇಜರ್ ಹತ್ತಿರ ಜಗಳ ಮಾಡಿದರೆ ಕೊಡ್ತಾರೆ ಅಂತ ಗೆಳೆಯ ಹೇಳ್ತಾನೆ. ಹೇಗೆ ಕೇಳಬೇಕು?

ಉತ್ತರ: ಮೊದಲು ಆ 611ರ ಸಿಟ್ಟು ಇಳಿಸೋಣ. ಅದು ಸರಿಯಾದ ಲೆಕ್ಕ. (ನೀವು ದೂರು ಹೇಳಲು ಒತ್ತಿದ ನಂಬರೂ 611 ಆಗಿರುವುದು ಬರೀ ಕಾಕತಾಳೀಯ.)

ನಿಮ್ಮ ಬಿಲ್ಲಿನ ಮೊದಲ ಪುಟ ಬಿಟ್ಟು ಲೈನ್‌ವಾರು ವಿವರ ಇರುವ ಪುಟಕ್ಕೆ ಹೋಗಿ. ಅಲ್ಲಿ ಒಂದರ ಕೆಳಗೊಂದು ಎರಡು ಸಾಲು ಕಾಣುತ್ತದೆ: ಫೋನಿನ ಕಂತು 27.78 ಡಾಲರ್, ಅದರ ಕೆಳಗೆ ಕಳೆಯುವ ಗುರುತಿನ ಜೊತೆ 22.22 ಡಾಲರ್. ನೀವು ಇವೆರಡರ ವ್ಯತ್ಯಾಸವನ್ನು ಮಾತ್ರ ನೋಡುತ್ತಾ ಬಂದಿದ್ದೀರಿ, ಕಂಪನಿ ಎರಡನ್ನೂ ಬೇರೆ ಬೇರೆ ನೋಡುತ್ತದೆ. ಅವರ ಪುಸ್ತಕದಲ್ಲಿ ನೀವು 1,000 ಡಾಲರ್ ಸಾಲ ತಗೊಂಡವರು. ಬಡ್ಡಿ ಇಲ್ಲ, ನಿಜ. ಆದರೆ ಸಾಲ ಸಾಲವೇ. ಆ 22.22 ಇದೆಯಲ್ಲ, ಅದು ಪ್ರತಿ ತಿಂಗಳು ‘ಈ ತಿಂಗಳೂ ನಮ್ಮ ಜೊತೆಗೇ ಇದ್ದೀರಿ’ ಎಂದು ಕೊಡುವ ಇನಾಮು. ಇದ್ದರೆ ಉಂಟು, ಎದ್ದರೆ ಇಲ್ಲ. ಬಾಕಿ ಸಾಲ 22 ಸಲ 27.78, ಅಂದರೆ 611. ಇನ್ನೂ ಬರಬೇಕಾದ ಇನಾಮು 22 ಸಲ 22.22, ಅಂದರೆ ಸುಮಾರು 489. ಈಗಲೇ ಎದ್ದು ಹೋದರೆ 611 ಕಟ್ಟಬೇಕು, 489 ಕೈಬಿಡಬೇಕು. ನೆನಪಿರಲಿ, ಆ 489 ಬಿಟ್ಟಿ ಬಂದದ್ದಲ್ಲ. 14 ತಿಂಗಳ ಹಿಂದೆ ಕೌಂಟರಿನ ಮೇಲೆ ಇಟ್ಟು ಬಂದಿರಲ್ಲ, ನಿಮ್ಮ ಹಳೇ ಫೋನು, ಅದರ ಬೆಲೆಯೂ ಅದರೊಳಗೇ ಇದೆ.

ನಮ್ಮ ಕಡೆ ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಅಂತಾರೆ. ಈ ವ್ಯವಹಾರದಲ್ಲಿ ಮಾತ್ರ ಕೊಟ್ಟವನು ಕೋಡಂಗಿಯಲ್ಲ.

ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅದು ಹಳೇ ಕಾಲದ ನಿಜ. 2015ರ ಆಸುಪಾಸಿನವರೆಗೆ ಅಮೆರಿಕದಲ್ಲಿ ಫೋನು ಮಾರುತ್ತಿದ್ದ ರೀತಿಯೇ ಬೇರೆ. 649 ಡಾಲರಿನ ಐಫೋನನ್ನು 199ಕ್ಕೆ ಕೊಟ್ಟು ಎರಡು ವರ್ಷದ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಉಳಿದ 450ನ್ನು ಕಂಪನಿ ತಾನೇ ಹಾಕಿ, ನಿಮ್ಮ ತಿಂಗಳ ಬಿಲ್ಲಿನಿಂದ ಸದ್ದಿಲ್ಲದೆ ಹಿಂದಕ್ಕೆ ಪಡೆಯುತ್ತಿತ್ತು. ‘ಅಪ್‌ಗ್ರೇಡ್ ದಿನಾಂಕ’ ಎಂಬುದು, ಹಾಕಿದ ದುಡ್ಡು ಯಾವಾಗ ವಾಪಸು ಬಂತು ಎಂಬ ಅವರ ಅಂದಾಜು, ಅಷ್ಟೇ. ಅಂದಾಜನ್ನು ಹಿಂದೆಮುಂದೆ ಮಾಡಬಹುದು. 2009ರ ಜೂನ್‌ನಲ್ಲಿ ಐಫೋನ್ 3ಜಿಎಸ್ ಬಂದಾಗ ಆದದ್ದೂ ಇದೇ. ಹಿಂದಿನ ಜುಲೈನಲ್ಲಷ್ಟೇ 3ಜಿ ಕೊಂಡಿದ್ದವರಿಗೆ ಎಟಿ ಅಂಡ್ ಟಿ ಕಂಪನಿ 200 ಡಾಲರ್ ಹೆಚ್ಚು ಹೇಳಿತು. ಜನ ರೇಗಿದರು. ಕೊನೆಗೆ ಫೋನ್ ಅಂಗಡಿಗೆ ಬರುವ ಎರಡು ದಿನ ಮುಂಚೆ, ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅರ್ಹತೆ ಬರುತ್ತಿದ್ದವರೆಲ್ಲ ಈಗಲೇ ಕಡಿಮೆ ಬೆಲೆಗೆ ತಗೊಳ್ಳಬಹುದು ಎಂದು ಕಂಪನಿ ಮಣಿಯಿತು. ಗಲಾಟೆಗೆ ಫಲ ಸಿಕ್ಕ ಕಾಲ ಅದು.

ಅದೇ ಹೊತ್ತಿನಲ್ಲಿ ನಾನು ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಅಮೆರಿಕದ ಒಂದು ಮೊಬೈಲ್ ಕಂಪನಿಯ ಕರೆಗಳು ನಮ್ಮ ಮಹಡಿಗೆ ಬರುತ್ತಿದ್ದವು. ಸಂಜೆ ಏಳಕ್ಕೆ ಕ್ಯಾಬ್ ಹತ್ತಿದರೆ, ಬೆಳಿಗ್ಗೆ ಹಾಲಿನವನ ಜೊತೆಗೇ ಮನೆ ಸೇರುವುದು. ಎದುರಿನ ಪರದೆಯ ಮೇಲೆ ಗಿರಾಕಿಯ ಅಪ್‌ಗ್ರೇಡ್ ದಿನಾಂಕ ಒಂದು ಚೌಕದಲ್ಲಿ ಇರುತ್ತಿತ್ತು. ನನಗೆ ಅದನ್ನು ಮುಟ್ಟುವ ಹಕ್ಕಿರಲಿಲ್ಲ, ನಮ್ಮ ಟೀಮ್ ಲೀಡರ್‌ಗೆ ಇತ್ತು. ಗಿರಾಕಿ ಹಳಬರು, ಬಿಲ್ ತಪ್ಪದೆ ಕಟ್ಟಿದವರು, ಮಾತಿನಲ್ಲಿ ಮರ್ಯಾದೆ ಇದೆ ಎಂದರೆ ಅವರು ಎದ್ದು ಬಂದು, ನನ್ನ ಕುರ್ಚಿಯ ಹಿಂದೆ ನಿಂತು, ಎರಡು-ಮೂರು ತಿಂಗಳು ಹಿಂದಕ್ಕೆ ಜರುಗಿಸಿಕೊಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬೈದವರಿಗೆ ಮಾಡಿಕೊಟ್ಟದ್ದು ಕಡಿಮೆ. ಬೈಗುಳವೆಲ್ಲ ಖಾತೆಯ ಟಿಪ್ಪಣಿಯಲ್ಲಿ ಕೂತುಬಿಡುತ್ತಿತ್ತು, ಮುಂದಿನ ಕರೆ ಎತ್ತಿದವನೂ ಮೊದಲು ಅದನ್ನೇ ಓದುತ್ತಿದ್ದ.

ಇವತ್ತು ಆ ಚೌಕ ಇಲ್ಲ. 2013ರಲ್ಲಿ ಟಿ-ಮೊಬೈಲ್ ಎರಡು ವರ್ಷದ ಕರಾರನ್ನು ಕೈಬಿಟ್ಟಿತು, 2016ರ ಹೊತ್ತಿಗೆ ದೊಡ್ಡ ಕಂಪನಿಗಳೆಲ್ಲ ಕಂತಿನ ಪದ್ಧತಿಗೆ ಬಂದಿದ್ದವು. ಈಗ ನಿಮ್ಮ ಮುಂದಿರುವುದು ಅಂದಾಜಿನ ದಿನಾಂಕವಲ್ಲ, ನೀವೇ ಸಹಿ ಹಾಕಿದ ಸಾಲದ ಪತ್ರ. ‘ಬೇಗ ಅಪ್‌ಗ್ರೇಡ್ ಕೊಡಿ’ ಎಂದು ನೀವು ಕೇಳುವಾಗ ಆ ಕಡೆಯವರ ಕಿವಿಗೆ ಬೀಳುವುದು ‘489 ಡಾಲರ್ ಸಾಲ ಮನ್ನಾ ಮಾಡಿ’ ಎಂದು. ಚುನಾವಣೆ ಹತ್ತಿರ ಇಲ್ಲದವರು ಯಾಕೆ ಮಾಡುತ್ತಾರೆ?

ಹಾಗಾದರೆ ಕೇಳುವುದರಲ್ಲಿ ಅರ್ಥವೇ ಇಲ್ಲವೇ? ಇದೆ. ಕೇಳಬೇಕಾದ್ದು ಬೇರೆ.

ನಿಮ್ಮ ಹತ್ತಿರ ಇರುವ ಬಲ ಒಂದೇ: ನಾಲ್ಕು ಲೈನಿನ, ಹತ್ತು ವರ್ಷದ ಖಾತೆ ಎದ್ದು ಹೋಗಬಹುದು ಎಂಬ ಭಯ. ಸಾಮಾನ್ಯ ವಿಭಾಗದವರಿಗೆ ಆ ಭಯ ಇಲ್ಲ, ಅವರಿಗೆ ಕರೆ ಬೇಗ ಮುಗಿಸುವುದೇ ಕೆಲಸ. ಗಿರಾಕಿಯನ್ನು ಉಳಿಸಿಕೊಳ್ಳಲೆಂದೇ ಬೇರೆ ವಿಭಾಗ ಇರುತ್ತದೆ. ಲಾಯಲ್ಟಿ ಅಂತಲೋ ರಿಟೆನ್ಷನ್ ಅಂತಲೋ ಹೆಸರು. 611 ಒತ್ತಿದಾಗ ಯಾಕೆ ಕರೆ ಮಾಡಿದ್ದೀರಿ ಎಂದು ಯಂತ್ರ ಕೇಳಿದರೆ ‘ಕ್ಯಾನ್ಸಲ್ ಸರ್ವೀಸ್’ ಅನ್ನಿ. ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತದೆ. ಅಲ್ಲಿ ಸುಳ್ಳು ಹೇಳಬೇಕಾಗಿಲ್ಲ. ‘ಹತ್ತು ವರ್ಷದಿಂದ ಇದ್ದೇವೆ, ನಾಲ್ಕು ಲೈನ್ ಇದೆ, ಬೇರೆ ಕಂಪನಿಯ ಆಫರ್ ನೋಡುತ್ತಿದ್ದೇವೆ, ಹೋಗುವ ಮುಂಚೆ ನೀವೇನು ಕೊಡಬಹುದು ಅಂತ ಕೇಳೋಣ ಅನಿಸಿತು’ ಎಂದು ಹೇಳಿ ಸುಮ್ಮನಾಗಿ. ಸುಮ್ಮನಿರುವುದು ಕಷ್ಟ, ನನಗೆ ಗೊತ್ತು. ನಾವು ಕನ್ನಡದವರು ಕೇಳಿ ಮುಗಿಸುವ ಮೊದಲೇ ‘ಪರವಾಗಿಲ್ಲ ಬಿಡಿ’ ಅಂದುಬಿಡುತ್ತೇವೆ. ಆ ಕಡೆ ಕೀಲಿಮಣೆ ಕುಟ್ಟುವ ಸದ್ದು ಕೇಳುತ್ತಿದ್ದರೆ ಅವರು ಏನೋ ಹುಡುಕುತ್ತಿದ್ದಾರೆ ಎಂದರ್ಥ. ಹುಡುಕಲಿ ಬಿಡಿ.

ಸಿಗುವುದು ಏನು? ಹೊಸ ಫೋನು ಸಿಗುವುದಿಲ್ಲ. ಒಂದು ಲೈನಿಗೆ ಕೆಲವು ತಿಂಗಳು ಬಿಲ್ಲಿನಲ್ಲಿ ರಿಯಾಯಿತಿ, ಅಪ್‌ಗ್ರೇಡ್ ಮಾಡುವಾಗ ಹಾಕುವ 35 ಡಾಲರ್ ಆಸುಪಾಸಿನ ಶುಲ್ಕ ಮಾಫಿ, ಹೊಸ ಗಿರಾಕಿಗಳಿಗೆ ಮಾತ್ರ ಇರುವ ಆಫರನ್ನು ನಿಮ್ಮ ಇನ್ನೊಂದು ಲೈನಿಗೆ ಅನ್ವಯಿಸುವುದು, ಇಂಥವು. ಒಟ್ಟು ಹಾಕಿದರೆ ನೂರಿನ್ನೂರು ಡಾಲರ್ ಆದರೂ ಆದೀತು. ಅದನ್ನು ‘ಫೋನಿನ ಬಾಕಿಗೆ ಜಮೆ ಮಾಡಿ’ ಎಂದು ಕೇಳಬೇಡಿ; ಬಿಲ್ಲಿಗೇ ಹಾಕಿಸಿಕೊಳ್ಳಿ, ಕೊಡುವುದು ಅವರಿಗೂ ಸುಲಭ. ಒಬ್ಬರು ಇಲ್ಲ ಅಂದರೆ ಧನ್ಯವಾದ ಹೇಳಿ ಇಟ್ಟು, ಮರುದಿನ ಮತ್ತೆ ಮಾಡಿ. ಕೊಡುವ ಮನಸ್ಸು ಆಳಿಂದ ಆಳಿಗೆ ಬೇರೆ. ಸೆಪ್ಟೆಂಬರ್ ಕೊನೆ ಮಾತ್ರ ಬೇಡ. ಹೊಸ ಐಫೋನ್ ಬಂದ ವಾರ ಆ ಕಡೆ ಕೂತವರಿಗೆ ನೀರು ಕುಡಿಯಲೂ ಪುರುಸೊತ್ತಿರಲ್ಲ.

ಬಾಯಿಮಾತಿನ ಭರವಸೆಯ ವಿಷಯ. ಫೋನಿಗಿಂತ ಚಾಟ್‌ನಲ್ಲಿ ಕೇಳುವುದು ಮೇಲು ಅನ್ನುತ್ತೇನೆ, ಬರಹ ಉಳಿಯುತ್ತದೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬಿಲ್ಲಿನ ರಿಯಾಯಿತಿಗಳು ಶುರುವಾಗಲು ಎರಡು-ಮೂರು ಬಿಲ್ ಹಿಡಿಯುವುದು ಮಾಮೂಲು. ಆಮೇಲೂ ಬರದಿದ್ದರೆ ಎಫ್‌ಸಿಸಿಗೆ, ಅಂದರೆ ಇಲ್ಲಿನ ಸಂಪರ್ಕ ಆಯೋಗಕ್ಕೆ, ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ದುಡ್ಡಿಲ್ಲ, ವಕೀಲರು ಬೇಡ. ಕಂಪನಿ 30 ದಿನದೊಳಗೆ ಉತ್ತರ ಕೊಡಬೇಕು. ಕಾಲ್ ಸೆಂಟರ್‌ನಲ್ಲಿ ಒಂಬತ್ತು ಜನ ‘ಆಗಲ್ಲ’ ಅಂದದ್ದನ್ನು ಮೇಲಿನ ಕಚೇರಿಯವರು ಒಂದೇ ಕರೆಯಲ್ಲಿ ಸರಿಮಾಡಿಕೊಟ್ಟ ಉದಾಹರಣೆಗಳಿವೆ. ಆದರೆ ಕೊಟ್ಟ ಮಾತು ತಪ್ಪಿದಾಗ ಮಾತ್ರ ಆ ದಾರಿ ಹಿಡಿಯಿರಿ. ‘ನನಗೆ ಹೊಸ ಫೋನ್ ಕೊಡಲಿಲ್ಲ’ ಎಂದು ಅಲ್ಲಿ ಬರೆದರೆ ಬರುವುದು ನಿಮ್ಮದೇ ಕರಾರಿನ ಪ್ರತಿ.

ಇನ್ನು ನಿಮ್ಮ ಪ್ರಶ್ನೆಯೊಳಗೇ ಕೂತಿರುವ ಉತ್ತರಕ್ಕೆ ಬರುತ್ತೇನೆ. ನಾಲ್ಕು ಲೈನ್ ಅಂದಿರಿ. ನಾಲ್ಕೂ ಫೋನು ಒಂದೇ ದಿನ ಕೊಂಡಿರಲಿಕ್ಕಿಲ್ಲ. ಮನೆಯವರದ್ದೋ ಮಕ್ಕಳದ್ದೋ ಒಂದು ಫೋನಿನ ಕಂತು ಮುಗಿದಿದ್ದರೆ ಆ ಲೈನಿಗೆ ಅಪ್‌ಗ್ರೇಡ್ ಈಗಲೇ ಇದೆ. ಕಂತು ಅಂಟಿಕೊಂಡಿರುವುದು ಲೈನಿಗೆ, ನಂಬರಿಗೆ. ಫೋನು ಯಾರ ಜೇಬಿನಲ್ಲಿದೆ ಎಂದು ಕಂಪನಿ ಕೇಳುವುದಿಲ್ಲ. ಆ ಲೈನಿನ ಮೇಲೆ ಹೊಸದು ತಗೊಳ್ಳಿ, ಮನೆಗೆ ಬಂದ ಮೇಲೆ ಇ-ಸಿಮ್ (ಚೂರು ಹಾಕದೆ ಫೋನಿನೊಳಗೇ ಇರುವ ಸಿಮ್) ಅದಲು ಬದಲು ಮಾಡಿಕೊಳ್ಳಿ. ಇದರಲ್ಲಿ ಕಳ್ಳತನ ಏನಿಲ್ಲ, ಅಂಗಡಿಯವರೇ ಮಾಡಿಕೊಡುತ್ತಾರೆ. ನಿಮ್ಮ ಲೈನಿನ 22 ಕಂತು, 22 ಇನಾಮು ತಮ್ಮ ಪಾಡಿಗೆ ತಾವು ನಡೆಯುತ್ತಿರುತ್ತವೆ. ಮನೆಯವರ ಒಪ್ಪಿಗೆ ಪಡೆಯುವ ಕೆಲಸ ಮಾತ್ರ ನಿಮ್ಮದು. ಅದಕ್ಕೆ ನನ್ನ ಹತ್ತಿರ ಸಲಹೆ ಇಲ್ಲ.

ಕಂಪನಿಗಳೇ ಮಾರುವ ‘ಬೇಗ ಬದಲಿಸಿ’ ಯೋಜನೆಗಳೂ ಇವೆ. ಎಟಿ ಅಂಡ್ ಟಿ 2025ರಲ್ಲಿ ತಂದದ್ದರಲ್ಲಿ ತಿಂಗಳಿಗೆ 10 ಡಾಲರ್ ಹೆಚ್ಚು ಕಟ್ಟುತ್ತಾ ಬಂದು, ಫೋನಿನ ಬೆಲೆಯ ಮೂರನೇ ಒಂದು ಭಾಗ ತೀರಿಸಿದರೆ ಫೋನು ವಾಪಸು ಕೊಟ್ಟು ಹೊಸದು ತಗೊಳ್ಳಬಹುದು. ಆ್ಯಪಲ್ 2015ರಿಂದ ನಡೆಸುತ್ತಾ ಬಂದದ್ದರಲ್ಲಿ 24 ಕಂತಿನ ಪೈಕಿ 12 ಕಟ್ಟಿದ ಮೇಲೆ ಬದಲಿಸುವ ಅವಕಾಶ. ಆದರೆ ಇವನ್ನೆಲ್ಲ ಕೊಳ್ಳುವಾಗಲೇ ಸೇರಿಕೊಳ್ಳಬೇಕು, ಮದುವೆಯಾದ ಮೇಲೆ ಜಾತಕ ನೋಡಿದ ಹಾಗೆ ಆಮೇಲೆ ಕೇಳಿ ಫಲವಿಲ್ಲ. ಮೇಲಾಗಿ ಹಳೇ ಫೋನನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಬಿರುಕು ಬಿಟ್ಟದ್ದು ನಡೆಯದು, ಅಪ್ಪನಿಗೆ ಕೊಡುವುದಂತೂ ಆಗದು. ನನ್ನ ಲೆಕ್ಕದಲ್ಲಿ ವರ್ಷಕ್ಕೆ 120 ಡಾಲರ್ ಕೊಟ್ಟು ಕೊಳ್ಳುವುದು ಫೋನನ್ನಲ್ಲ, ಚಪಲವನ್ನು.

ನಿಜವಾಗಿಯೂ ಎದ್ದು ಹೋಗುವುದಾದರೆ? ಅದೂ ಒಂದು ದಾರಿ. 2014ರ ಜನವರಿಯಲ್ಲಿ ಟಿ-ಮೊಬೈಲ್ ‘ನಿಮ್ಮ ಹಳೇ ಕಂಪನಿಯ ದಂಡ ನಾವು ಕಟ್ಟುತ್ತೇವೆ’ ಎಂದು ಶುರುಮಾಡಿದ್ದು ಈಗ ಫೋನಿನ ಬಾಕಿ ತೀರಿಸಿಕೊಡುವ ಆಫರ್ ಆಗಿದೆ. ಲೈನಿಗೆ 800 ಡಾಲರ್‌ವರೆಗೂ ಕೊಟ್ಟದ್ದಿದೆ. ನಿಮ್ಮ 611 ಅದರೊಳಗೆ ಕೂರುತ್ತದೆ. ಕೊಡುವುದು ನಗದಲ್ಲ, ಪ್ರೀಪೇಯ್ಡ್ ಕಾರ್ಡ್. ಹಳೇ ಕಂಪನಿಯ ಕೊನೆಯ ಬಿಲ್ಲನ್ನು ಹೇಳಿದ ದಿನದೊಳಗೆ ಅಪ್‌ಲೋಡ್ ಮಾಡಬೇಕು, ಮೊದಲು ನೀವು ಕೈಯಿಂದ ಕಟ್ಟಿ ಆಮೇಲೆ ಕಾರ್ಡಿಗೆ ಕಾಯಬೇಕು. ನಂಬರ್ ಉಳಿಸಿಕೊಳ್ಳಬೇಕೆಂದರೆ ಹಳೆಯದನ್ನು ನೀವೇ ಕ್ಯಾನ್ಸಲ್ ಮಾಡಲು ಹೋಗಬೇಡಿ. ಹಳೇ ಕಂಪನಿಯಿಂದ ವರ್ಗಾವಣೆಯ ಪಿನ್ ತಗೊಂಡು ಹೊಸಬರಿಗೆ ಕೊಡಿ, ನಂಬರ್ ಆ ಕಡೆ ಹೋದ ಕೂಡಲೇ ಈ ಕಡೆ ತಾನಾಗಿ ಮುಚ್ಚುತ್ತದೆ. ಊರಿನಲ್ಲಿ 1900ಕ್ಕೆ ‘ಪೋರ್ಟ್’ ಎಂದು ಮೆಸೇಜ್ ಕಳಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಹೊಸ ಮನೆಯಲ್ಲೂ ಮತ್ತೆ 24 ಅಥವಾ 36 ಕಂತಿನ ಸರಪಳಿ ಕಾದಿರುತ್ತದೆ. ದೊಡ್ಡ ಆಫರ್‌ಗಳಿಗೆ ದುಬಾರಿ ಪ್ಲ್ಯಾನ್ ತಗೊಳ್ಳಲೇಬೇಕು ಎಂಬ ಷರತ್ತೂ ಇರುತ್ತದೆ. ಪ್ಲ್ಯಾನಿಗೆ ತಿಂಗಳಿಗೆ 15 ಡಾಲರ್ ಹೆಚ್ಚಾದರೆ 36 ತಿಂಗಳಿಗೆ 540. ‘ಉಚಿತ’ ಫೋನಿನ ಅರ್ಧ ಬೆಲೆ ಅಲ್ಲೇ ಹೋಯಿತು.

ಉಚಿತ ಅಂದಾಗ ತೆರಿಗೆಯ ಮಾತು ಬರುತ್ತದೆ. ಇನಾಮು ಎಷ್ಟೇ ಇರಲಿ, ತೆರಿಗೆ ಹಾಕುವುದು ಪೂರ್ತಿ ಬೆಲೆಯ ಮೇಲೆ, ಕೊಂಡ ದಿನವೇ. ನಿಮ್ಮಲ್ಲಿ ಶೇ. 8.25, ಅಂದರೆ ಸಾವಿರದ ಫೋನಿಗೆ 82 ಡಾಲರ್ ಚಿಲ್ಲರೆ. ಎರಡು ವರ್ಷದೊಳಗೆ ಎರಡು ಸಲ ಫೋನ್ ಬದಲಿಸಿದರೆ ಇದನ್ನು ಎರಡು ಸಲ ಕಟ್ಟಿದ ಹಾಗಾಯಿತು. ಈ ತೆರಿಗೆಯ ಮೇಲೆ ಒಂದು ದೊಡ್ಡ ಕಥೆಯೇ ಇದೆ. 2002ರಲ್ಲಿ ಕ್ಯಾಲಿಫೋರ್ನಿಯಾದ ಕನ್ಸೆಪ್ಸಿಯಾನ್ ದಂಪತಿ ‘ಉಚಿತ’ ಫೋನ್ ತಗೊಂಡರು, 30.22 ಡಾಲರ್ ತೆರಿಗೆ ಬಿತ್ತು. ಉಚಿತ ಅಂದವರು ತೆರಿಗೆ ಯಾಕೆ ಹಾಕಿದಿರಿ ಎಂದು ಕೋರ್ಟಿಗೆ ಹೋದರು. ಆ ಮೂವತ್ತು ಡಾಲರಿನ ಜಗಳ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. 2011ರಲ್ಲಿ 5-4ರ ಬಹುಮತದಲ್ಲಿ ಕಂಪನಿ ಗೆದ್ದಿತು. ತೆರಿಗೆ ಸರಿಯೋ ತಪ್ಪೋ ಎಂದಲ್ಲ. ಗಿರಾಕಿಗಳು ಒಟ್ಟಾಗಿ ದಾವೆ ಹೂಡುವಂತಿಲ್ಲ, ಒಬ್ಬೊಬ್ಬರಾಗಿ ಮಧ್ಯಸ್ಥಿಕೆಗೇ ಹೋಗಬೇಕು ಎಂಬ ಕರಾರಿನ ಸಣ್ಣಕ್ಷರದ ಸಾಲು ಊರ್ಜಿತ ಎಂದು. ಅಂಥ ಸಾಲು ನಿಮ್ಮ ಕರಾರಿನಲ್ಲೂ ಇರುವ ಸಂಭವವೇ ಹೆಚ್ಚು. ಮ್ಯಾನೇಜರ್ ಮುಂದೆ ‘ಕೋರ್ಟಿಗೆ ಹೋಗುತ್ತೇನೆ’ ಎಂದು ಕೂಗಿದರೆ ಅವರು ಯಾಕೆ ಬೆವರುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಕೊನೆಯದಾಗಿ, ಅಪ್ಪನ ಫೋನು. ನಿಮ್ಮ ಆಸೆ ಒಳ್ಳೆಯದು, ಆದರೆ ಎರಡು ತೊಡಕಿದೆ. ಒಂದು, ಬಾಕಿ ತೀರುವವರೆಗೆ ಕಂತಿನ ಫೋನು ಕಂಪನಿಗೆ ಲಾಕ್ ಆಗಿರುವುದೇ ಹೆಚ್ಚು. ಎಟಿ ಅಂಡ್ ಟಿ, ಟಿ-ಮೊಬೈಲ್ ಎರಡೂ ಪೂರ್ತಿ ಹಣ ಸಂದ ಮೇಲೆಯೇ ಬಿಡಿಸಿಕೊಡುವುದು. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ತೆರೆದು ‘ಕ್ಯಾರಿಯರ್ ಲಾಕ್’ ಸಾಲು ನೋಡಿ. ನಿರ್ಬಂಧ ಏನೂ ಇಲ್ಲ ಎಂದು ಬರೆದಿರದಿದ್ದರೆ ಅದು ಹುಬ್ಬಳ್ಳಿಯಲ್ಲಿ ಫೋಟೊ ತೆಗೆಯಲಷ್ಟೇ ಆಗುತ್ತದೆ. ಎರಡನೆಯದು ಅನೇಕರಿಗೆ ಊರಿಗೆ ಹೋದ ಮೇಲೆ ಗೊತ್ತಾಗುವುದು: ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ 2022ರ ಐಫೋನ್ 14ರಿಂದೀಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ಇ-ಸಿಮ್. ನಿಮ್ಮ ತಂದೆಯವರ ಸಿಮ್ ಚೂರನ್ನು ತೂರಿಸಲು ತೂತಿಲ್ಲ. ಜಿಯೊ, ಏರ್‌ಟೆಲ್ ಇ-ಸಿಮ್ ಕೊಡುತ್ತವೆ, ಆದರೆ ಬ್ಯಾಂಕಿನ ಒಟಿಪಿ, ಪಿಂಚಣಿಯ ಮೆಸೇಜು ಎಲ್ಲ ಬರುವ ನಂಬರನ್ನು ಬದಲಿಸುವ ಕೆಲಸ ಅವರು ಊರಿನಲ್ಲಿ, ಆ ಸಿಮ್ ಕೈಯಲ್ಲಿರುವಾಗಲೇ ನಡೆಯಲಿ. ಹಿರಿಯರಿಗೆ ಈ ‘ಅಪ್‌ಗ್ರೇಡ್’ ಪುರಾಣ ಅರ್ಥಮಾಡಿಸುವುದೂ ಕಷ್ಟ. ನಮ್ಮ ತಂದೆಗೆ ನಾನು ಹೇಳಿದ್ದು, 2003ರ ಮಳೆಗಾಲದಲ್ಲಿ ರಿಲಯನ್ಸ್‌ನವರು 501 ರೂಪಾಯಿ ಮುಂಗಡ ಇಸ್ಕೊಂಡು ಫೋನ್ ಕೊಟ್ಟಿದ್ದರಲ್ಲ, ಹಾಗೆ ಅಂತ. ‘ಓಹ್, ಸಿಮ್ ಹಾಕಲು ಜಾಗವೇ ಇರಲಿಲ್ಲ, ಅದಾ’ ಅಂದರು. ಅವರಿಗೆ ಕೊನೆಗೆ ಊರಿನ ಅಂಗಡಿಯಲ್ಲೇ, ಎರಡು ಸಿಮ್ ಹಿಡಿಯುವ ಫೋನ್ ಕೊಡಿಸಿದೆ. ಕೆಟ್ಟರೆ ರಿಪೇರಿಯವನು ನಡೆದು ಹೋಗುವ ದೂರದಲ್ಲಿದ್ದಾನೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರ ಇಷ್ಟೇ ಮಾಡುತ್ತಿದ್ದೆ. ಮೊದಲು ಫೋನಿನ ಮೇಲಿರುವ ಟೆಂಪರ್ಡ್ ಗ್ಲಾಸ್ ಅನ್ನು ಉಗುರಿನಿಂದ ಎಬ್ಬಿಸಿ ನೋಡುತ್ತಿದ್ದೆ. ನನ್ನ ಮಗಳ ಫೋನಿನ ‘ಒಡೆದ ಸ್ಕ್ರೀನ್’ ಹತ್ತು ಡಾಲರಿನ ಆ ಗಾಜಿನದ್ದೇ ಆಗಿತ್ತು, ಕೆಳಗಿನದು ಕನ್ನಡಿಯ ಹಾಗಿತ್ತು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ನೋಡುತ್ತಿದ್ದೆ. ಶೇ. 80ಕ್ಕಿಂತ ಕೆಳಗಿದ್ದು ಆ್ಯಪಲ್‌ಕೇರ್ (ಆ್ಯಪಲ್‌ನದೇ ರಿಪೇರಿ ವಿಮೆ) ಇದ್ದರೆ ಪುಕ್ಕಟೆ, ಇಲ್ಲದಿದ್ದರೆ ಈ ಮಾದರಿಗೆ ಆ್ಯಪಲ್ ಅಂಗಡಿಯಲ್ಲಿ 99 ಡಾಲರ್ ಮತ್ತು ತೆರಿಗೆ. ಶೇ. 90ರ ಮೇಲಿದ್ದೂ ನಾಲ್ಕಕ್ಕೇ ಸಾಯುತ್ತಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಯಾವುದೋ ಆ್ಯಪ್ ಹಿಂದೆ ಕೂತು ಕುಡಿಯುತ್ತಿದೆ; ಅದೇ ಪುಟದಲ್ಲಿ ಕೆಳಗೆ ಅದರ ಹೆಸರೂ ಇರುತ್ತದೆ. ಬೇರೆ ಲೈನಿನ ಕಂತು ಮುಗಿದಿದ್ದರೆ ಥ್ಯಾಂಕ್ಸ್‌ಗಿವಿಂಗ್ ಹೊತ್ತಿನ ಆಫರ್‌ಗೆ ಕಾಯುತ್ತಿದ್ದೆ. ಅಂಗಡಿಗೆ ಹೋಗುವುದಾದರೆ ಬೋರ್ಡಿನ ಕೆಳಗೆ ‘ಆಥರೈಸ್ಡ್ ರಿಟೇಲರ್’ ಎಂದು ಸಣ್ಣದಾಗಿ ಬರೆದಿರುವ ಕಡೆ ಹೋಗಬೇಡಿ. ಅದು ಕಂಪನಿಯದ್ದಲ್ಲ, ಏಜೆಂಟರದ್ದು. ಅಲ್ಲಿ ಫೋನಿನ ಜೊತೆ ಕವರ್, ಚಾರ್ಜರ್, ವಿಮೆ ಎಲ್ಲವೂ ನೀವು ಕೇಳದೆಯೇ ಬಿಲ್ಲಿಗೆ ಬಂದು ಕೂರಬಹುದು.